ಲಿಂಗ, ಬಿಲ್ಲೆ, ಒಂದೇ ದಾರ

"ಲೇ ಕುಂಟ್ಯಾ! ಕಾರು ಒಳಗ ಬಂದಾಯ್ತು, ನಿನ್ನ ಸೆಲ್ಯೂಟ್ ಇನ್ನಾ ದಾರ್ಯಾಗ ಅದ ಏನೋ? ಕಾಲು ಹೋದ್ರ ಹೋಯ್ತು, ಕೈಗೂ ಲಕ್ವಾ ಹೊಡದದ?"

ಮನ್ಮಥಪ್ಪ ಶೇಟ್ ಕಾರಿನ ಕಿಟಕಿಯಿಂದ ಮೋರೆ ಹೊರಗೆ ಹಾಕಿ ಕೂಗಿದ. ಕಬ್ಬಿಣದ ಗೇಟನ್ನು ಹೆಗಲು ಕೊಟ್ಟು ನೂಕುತ್ತಿದ್ದ ಸಂಗಮನಾಥ ಅದನ್ನು ಅಲ್ಲೇ ಬಿಟ್ಟು, ಎಡಗಡೆಯ ಪ್ಲಾಸ್ಟಿಕ್ ಕಾಲನ್ನು ಎಳೆದು ಬಲಗಾಲಿಗೆ ಕೂಡಿಸಿ, ಸೆಲ್ಯೂಟ್ ಹೊಡೆದ. ಹದಿನಾರು ವರ್ಷ ಫೌಜಿನಲ್ಲಿ ಸಾಹೇಬರಿಗೆ ಹೊಡೆದದ್ದು, ಈಗ ನಾಶಿಕದ ಹತ್ತಿರದ ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಗೆ. ಬೀದರ್ ಕಡೆಯ ನಮ್ಮ ಹುಡುಗ, ನಾನೇ ಕೆಲಸ ಕೊಟ್ಟೆ ಎಂದು ಶೇಟ್ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ನಮ್ಮವನು ಅಂದಮೇಲೆ ರಜೆ ಯಾಕೆ, ಕೂರಲು ಕುರ್ಚಿ ಯಾಕೆ?

"ಹನ್ನೊಂದಕ್ಕ ಪೂಜಾ. ದಿವಾಳಿ ಹಬ್ಬ ಆದಮ್ಯಾಲ ಮೊದಲನೇ ಲಾರಿ ಹೊಂಡ್ಲತ್ತದ. ಸಾಹೇಬ್ರು, ಪುಢಾರಿಗೋಳು ಬರ್ಲತ್ತಾರ. ಮೆಡಲ್ ಹಾಕೊಂಡು ನಿಂದ್ರು. ನಾ ಕೈ ಎತ್ತಿದ ಕೂಡ್ಲೆ ಆಸ್ಮಾನಿಗಿ ಎರಡು ಗುಂಡು ಹಾರಸು."

ಸಂಗಮನಾಥ ಸೆಲ್ಯೂಟಿನ ಕೈ ಇಳಿಸಿದ. "ಮಾಲಕ್ರಿ, ಗುಂಡು ಬ್ಯಾಡ್ರಿ. ಲೈಸನ್ಸ್ ಕಟ್ ಆಗ್ತದ."

"ಪೊಲೀಸರಿಗಿ ನಾ ಹೇಳ್ತೀನಿ. ನೀ ಹಾರಸು."

"ಮತ್ತ... ಇವತ್ತು ಗುರುವಾರ ಅದರಿ. ಪೂಜಾ ಆದಮ್ಯಾಲ ನಾಶಿಕಕ್ಕ ಹೋಗಬೇಕು. ಕಾಲು ಅಳತಿ ಕೊಡೂದದ."

"ಎಷ್ಟು ಸಲ ಅಳತಿಯೋ? ದಿನಾ ಬೆಳಿಲತ್ತದೇನು ನಿನ್ನ ಪ್ಲಾಸ್ಟಿಕ್?" ಶೇಟ್ ನಕ್ಕ, ಡ್ರೈವರನೂ ನಕ್ಕ. ಕಾರು ಶೆಡ್ಡಿನ ಕಡೆಗೆ ಹೋಯಿತು.

ಕಾಲಿನ ಮಾತು ಸುಳ್ಳು. ಹದಿನೈದು ದಿನಕ್ಕೊಮ್ಮೆ ಅವನು ಹೋಗುತ್ತಿದ್ದದ್ದು ತಲೆಯ ಡಾಕ್ಟರ ಹತ್ತಿರ. ಆ ಡಾಕ್ಟರು, ನಾಶಿಕದ ಮೃಣಾಲಿನಿ ಬಾಯಿ, ಕಾಗದದ ಮೇಲೆ ಕಾಯಿಲೆಯ ಹೆಸರು ಬರೆದು, ಗುಳಿಗೆ ಕೊಟ್ಟು, ಒಂದು ಸಲವೂ ತಪ್ಪಿಸಬೇಡಿ ಎಂದಿದ್ದರು. ಬಂದೂಕು ಬೇರೆಯವರ ಕೈಗೆ ಕೊಡಿ ಎಂದೂ ಅಂದಿದ್ದರು. ಆ ಮಾತನ್ನು ಅವನು ಹೆಂಡತಿ ಭಾಗ್ಯಶ್ರೀಗೂ ಹೇಳಿರಲಿಲ್ಲ. ಹೇಗೆ ಹೇಳಿಯಾನು? ಬಂದೂಕು ಇದ್ದುದರಿಂದ ಕೆಲಸ, ಕೆಲಸ ಇದ್ದುದರಿಂದ ಇಬ್ಬರೂ ವಾಸವಿದ್ದ ಗೇಟಿನ ಪಕ್ಕದ ತಗಡಿನ ಕೋಣೆ. ಕಾಗದ ಒಬ್ಬರ ಕಣ್ಣಿಗೆ ಬಿದ್ದರೂ ಸಾಕು, ಗಂಡಹೆಂಡತಿ ಇಬ್ಬರೂ ರಸ್ತೆಗೆ.

ಎಲ್ಲ ಶುರುವಾದದ್ದು ಒಂದು ದಾರದಿಂದ ಎಂದು ಶೇಟನ ತಾಯಿ ಶಾಂತಾಬಾಯಿ ಹೇಳುತ್ತಿದ್ದಳು. ಗಡಿಯ ಗಸ್ತಿನಲ್ಲಿ ಕೊರಳಿನ ಎರಡು ದಾರ ತೊಡರುತ್ತವೆಂದು, ನಂಬರು ಕೊರೆದ ಫೌಜಿನ ಬಿಲ್ಲೆಯನ್ನೂ ಅವನು ಲಿಂಗದ ಶಿವದಾರಕ್ಕೇ ಪೋಣಿಸಿಕೊಂಡಿದ್ದ. ನೆಲದಲ್ಲಿ ಹೂತಿದ್ದ ಮೈನ್ ಸಿಡಿದಾಗ ಕಾಲಿನ ಜೊತೆ ದಾರವೂ ಹೋಯಿತು. ಆಸ್ಪತ್ರೆಯಲ್ಲಿ ಎರಡು ದಿನ ಹೆಸರಿಲ್ಲದ ದೇಹವಾಗಿ ಬಿದ್ದಿದ್ದ. ಎಚ್ಚರವಾದಾಗ ಬಾಯಿಂದ ಮೊದಲು ಬಂದದ್ದು ಬಿಲ್ಲೆಯ ಆ ನಂಬರು. ಇಂದಿಗೂ ಎದೆ ಹೊಡೆದುಕೊಂಡಾಗಲೆಲ್ಲ ನಾಲಿಗೆ ಅದನ್ನೇ ಹುಡುಕುತ್ತಿತ್ತು.

"ಲಿಂಗ ಕಳಕೊಂಡವ ಜೀವಂತ ಹೆಣ" ಎಂದು ಶಾಂತಾಬಾಯಿ ಅವನನ್ನು ಒಮ್ಮೆ ಊಟದ ಪಂಕ್ತಿಯಿಂದ ಎಬ್ಬಿಸಿದ್ದಳು. ಊರ ಸ್ವಾಮಿಗಳು ಮತ್ತೊಂದು ಲಿಂಗ ಕಟ್ಟಿದ್ದಾರೆ ಎಂದರೂ ಕೇಳಲಿಲ್ಲ. ಅವತ್ತು ಅವನ ಎಲೆಯನ್ನು ಭಾಗ್ಯಶ್ರೀ ಎತ್ತಿಕೊಂಡು ಹೊರಗೆ ಬಂದಳು. ಇಬ್ಬರೂ ಈರುಳ್ಳಿ ಚೀಲದ ಮೇಲೆ ಕೂತು ಉಂಡರು.

ಹತ್ತೂವರೆಗೆ ಶೇಟ್ ಅವನನ್ನು ಶೆಡ್ಡಿಗೆ ಕರೆಸಿದ. ಮೆಡಲುಗಳನ್ನು ತಾನೇ ಚುಚ್ಚಬೇಕೆಂಬ ಹುಕಿ. "ಎದಿ ಉಬ್ಬಸೋ ಮಗನೆ," ಎಂದು ಅಂಗಿ ಎಳೆದ. ಜೇಬಿನಲ್ಲಿ ಏನೋ ಸರಬರ ಅಂದಿತು. ಸಂಗಮನಾಥ ಕೈ ಅಡ್ಡ ಇಡುವಷ್ಟರಲ್ಲಿ ಗುಳಿಗೆಯ ಪಟ್ಟಿಯೂ ಕಾಗದವೂ ಶೇಟನ ಕೈಯಲ್ಲಿದ್ದವು.

ಶೇಟ್ ಕನ್ನಡಕ ಏರಿಸಿ ನಿಧಾನವಾಗಿ ಓದಿದ.

"ಇದ್ರವ್ವನ... ಕಾಲಿಂದಲ್ಲಲೇ ಇದು, ತಲಿದು! ಹುಚ್ಚ ಸೂಳೆಮಗನ ಕೈಯಾಗ ಬಂದೂಕು ಕೊಟ್ಟು ಗೇಟ್ ಕಾಯಸ್ಲತ್ತೀನಿ ನಾ?"

"ಹುಚ್ಚಲ್ರಿ ಮಾಲಕ್ರಿ. ನಿದ್ದಿ ಬರಲ್ದು ಅಷ್ಟೆ. ಕಾಲು ಬೀಳ್ತೀನಿ, ಕಾಗದ ಕೊಡ್ರಿ."

"ಒಂದೇ ಕಾಲಾಗ ಹ್ಯಾಂಗ ಬೀಳ್ತಿ?" ಶೇಟ್ ಕಾಗದವನ್ನು ಮಡಚಿ ತನ್ನ ಜೇಬಿಗೆ ಹಾಕಿದ. "ಕೈ ಎತ್ತಿದಾಗ ಎರಡೂ ಗುಂಡು ಹಾರಬೇಕು. ಇಲ್ಲಂದ್ರ ಈ ಕಾಗದ ಮೈಕಿನ್ಯಾಗ ಓದಿಸ್ತೀನಿ. ಮಂದಿ ಕಲ್ಲು ಹೊಡಿತಾರ, ಹೆಂಡ್ತಿನೂ ಬಿಟ್ಟು ಹೋಗ್ತಾಳ. ತಿಳೀತಾ? ಇನ್ಮ್ಯಾಲ ನಾಶಿಕಿಲ್ಲ, ಗೀಶಿಕಿಲ್ಲ."

ಪೂಜೆ ಶುರುವಾಯಿತು. ಲಾರಿಗೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಪುಢಾರಿಗಳು ಮೈಕು ಹಿಡಿದು ಜವಾನನಿಗೂ ಕಿಸಾನನಿಗೂ ಜೈ ಅಂದರು. ಆ ಜವಾನ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಿಸಿಲಿಗೆ ನಿಂತಿದ್ದ. ಇಲ್ಲದ ಎಡಪಾದದ ಬೆರಳುಗಳು ಉರಿಯುತ್ತಿದ್ದವು. ಈರುಳ್ಳಿ ಆರಿಸುವ ಹೆಂಗಸರ ನಡುವೆ ನಿಂತ ಭಾಗ್ಯಶ್ರೀ ಅವನ ಕೈಗಳನ್ನೇ ನೋಡುತ್ತಿದ್ದಳು. ರಾತ್ರಿ ಅವನು ಬೆಚ್ಚಿಬೀಳುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಶೇಟ್ ಕೈ ಎತ್ತಿದ.

ಸಂಗಮನಾಥ ಬಂದೂಕನ್ನು ಭುಜಕ್ಕೇರಿಸಿದ. ಬೆರಳು ಕುದುರೆಯ ಮೇಲಿತ್ತು. ನಳಿಗೆ ಆಕಾಶಕ್ಕಿತ್ತು, ಆಮೇಲೆ ಲಾರಿಯ ಹಾರಕ್ಕಿತ್ತು, ಆಮೇಲೆ ಶೇಟನ ಬಿಳಿ ಟೋಪಿಗೆ ನೇರವಾಗಿ ನಿಂತಿತು. ಹಮಾಲರು ಹಿಂದೆ ಸರಿದರು. ಎತ್ತಿದ ಕೈ ಎತ್ತಿದಂತೆಯೇ ಶೇಟ್ ಬಿಳಿಚಿಕೊಂಡ. ಎಷ್ಟು ಹೊತ್ತು ಗುರಿ ಹಿಡಿದಿದ್ದನೋ ಸಂಗಮನಾಥನಿಗೇ ಗೊತ್ತಾಗಲಿಲ್ಲ. ಅಯ್ಯೋ, ನಾನೇನು ಮಾಡುತ್ತಿದ್ದೇನೆ! ನಾಲಿಗೆ ನಂಬರು ಹುಡುಕಿತು.

ಅವನು ನಳಿಗೆ ಕೆಳಗಿಳಿಸಿ, ಬಂದೂಕನ್ನು ನಡುವೆ ಬಗ್ಗಿಸಿ ತೆರೆದ. ಎರಡು ತೋಟಾ ಈರುಳ್ಳಿ ರಾಶಿಗೆ ಬಿದ್ದವು. ಬಂದೂಕನ್ನೂ ಅಲ್ಲೇ ಮಲಗಿಸಿ, ಕುಂಟುತ್ತ ಹೋಗಿ, ಮೈಕು ಕಿತ್ತುಕೊಂಡ.

"ನಂಬರ್ ಸಾತ್ ಶೂನ್ಯ ಚಾರ್ ಏಕ್. ನಾಯಕ್ ಸಂಗಮನಾಥ್."

ಶೆಡ್ಡಿನ ನಾಲ್ಕು ಮೂಲೆಯ ಲೌಡ್ ಸ್ಪೀಕರ್ ಕರ್ಣೆಗಳಿಂದ ಅವನ ದನಿ ಹೊರಟಿತು. ಫೌಜಿನ ಹಿಂದಿಯಲ್ಲೇ ಅವನು ಹೇಳಿದ: ನನ್ನ ತಲೆಗೆ ಕಾಯಿಲೆ ಇದೆ. ಸ್ಫೋಟ ಆದಾಗಿನಿಂದ ಇದೆ. ನಾನು ಹೋಗುವುದು ಕಾಲಿನ ಅಂಗಡಿಗಲ್ಲ, ಹುಚ್ಚಿನ ಡಾಕ್ಟರ ಹತ್ತಿರ. ಕಾಗದ ಶೇಟನ ಜೇಬಿನಲ್ಲಿದೆ, ಬೇಕಾದವರು ಓದಿಕೊಳ್ಳಿ. ಈ ಬಂದೂಕು ಇನ್ನು ನನಗೆ ಬೇಡ.

ಯಾರೋ ಕಿಸಕ್ಕೆಂದರು.

"ಬಂದ್ ಮಾಡ್ರೋ ಮೈಕು!" ಶೇಟ್ ಅರಚಿದ. "ಪಟಾಕಿ ಹಚ್ಚೋ, ಹಚ್ಚಲೇ!"

ಲಾರಿಯ ಮುಂದೆ ಹಾಸಿದ್ದ ಪಟಾಕಿ ಸರಕ್ಕೆ ಬೆಂಕಿ ಬಿತ್ತು. ಮೊದಲ ಸದ್ದಿಗೇ ಸಂಗಮನಾಥ ನೆಲಕ್ಕೆ ಬಿದ್ದ. ಮುಖ ಮಣ್ಣಿಗೆ, ಪ್ಲಾಸ್ಟಿಕ್ ಕಾಲು ಅಡ್ಡಡ್ಡ. ಕೈ ಮಾತ್ರ ಮೈಕು ಬಿಡಲಿಲ್ಲ. ಹಮಾಲರು ನೋಡುತ್ತ ನಿಂತರು. ಮೈಕಿನವನು ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟಿದ್ದವನು ಒತ್ತಲಿಲ್ಲ.

ಭಾಗ್ಯಶ್ರೀ ಓಡಿ ಬಂದಳು. ಅವನನ್ನು ಎಬ್ಬಿಸಲಿಲ್ಲ. ಎಬ್ಬಿಸಬಾರದು ಎಂದು ಅವಳು ಎಷ್ಟೋ ದಿನದಿಂದ ಕಲಿತಿದ್ದಳು. ಅವನನ್ನು ದಾಟಿ ನೇರ ಶೇಟನ ಎದುರು ಹೋಗಿ ನಿಂತು, ಈರುಳ್ಳಿ ಸಿಪ್ಪೆ ಅಂಟಿದ ಅಂಗೈ ಚಾಚಿದಳು.

"ಕಾಗದ ಕೊಡ್ರಿ."

"ಎಲಾ ಇವಳ..."

"ಕೊಡ್ರಿ. ನಾಶಿಕ ಬಸ್ಸಿಗಿ ಹೊತ್ತಾಯ್ತು."

ಶೇಟ್ ಜೇಬನ್ನು ಕೈಯಿಂದ ಮುಚ್ಚಿಕೊಂಡ. ಅವಳ ಕೈ ಹಾಗೇ ಇತ್ತು. ಪಟಾಕಿ ಇನ್ನೂ ಸಿಡಿಯುತ್ತಿತ್ತು. ಅದರ ನಡುವೆ ನಾಲ್ಕೂ ಕರ್ಣೆಗಳಿಂದ, ಮಣ್ಣು ತುಂಬಿದ ಬಾಯಿಯ ದನಿ ಅಂಗಳಕ್ಕೂ ರಸ್ತೆಗೂ ಕೇಳಿಸುತ್ತಿತ್ತು: ಸಾತ್ ಶೂನ್ಯ ಚಾರ್ ಏಕ್. ಸಾತ್ ಶೂನ್ಯ ಚಾರ್ ಏಕ್.