ಎಡಗಡೆಯ ತೂತುಗಳು

ತನ್ನ ಕೈಗಳಲ್ಲೇ ಏನೋ ಐಬಿದೆ ಎಂಬ ಸಂಶಯವನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹೇಳಿಕೊಂಡರೆ ನಗುತ್ತಾರೆ. ನಗದಿದ್ದರೆ ಇನ್ನೂ ಕಷ್ಟ, ಹೌದು ಎಂದುಬಿಡುತ್ತಾರೆ. ಭಾನುವಾರ ಬೆಳಿಗ್ಗೆ ಮುಖ ತೊಳೆದವಳು ಬಚ್ಚಲಿನ ಕನ್ನಡಿಯ ಮುಂದೆ ಒದ್ದೆ ಕೈಗಳೆರಡನ್ನೂ ಚಾಚಿ ನಿಂತಳು. ಎರಡೂ ಒಂದೇ ಎತ್ತರದಲ್ಲಿದ್ದವು. ಕಣ್ಣು ಮುಚ್ಚಿ, ಕೈ ಇಳಿಸಿ, ಮತ್ತೆ ಚಾಚಿ ಕಣ್ಣು ತೆರೆದಳು. ಆಗಲೂ ಒಂದೇ ಎತ್ತರ. ಹಾಗಾದರೆ ಐಬು ಇನ್ನೂ ಒಳಗೆಲ್ಲೋ ಇದೆ ಎಂದುಕೊಂಡು ಟವೆಲ್ಲಿಗೆ ಮುಖ ಒತ್ತಿದಳು.

ಸಂಶಯಕ್ಕೆ ಕಾರಣವಿತ್ತು. ಮನೆಯ ಕಾರನ್ನು ಅವಳು ಓಡಿಸಿದರೆ ಅದು ಎಡಕ್ಕೆ ವಾಲುತ್ತಿತ್ತು. ರಸ್ತೆ ಎಷ್ಟೇ ನೆಟ್ಟಗಿರಲಿ, ಸ್ಟೀರಿಂಗನ್ನು ಒಂದಿಷ್ಟು ಬಲಕ್ಕೆ ಎಳೆದು ಹಿಡಿದೇ ಇರಬೇಕು. ಕೈ ಸಡಿಲಿಸಿದರೆ ಸಾಕು, ಅಲ್ಲೇನೋ ಇಟ್ಟು ಮರೆತಿದೆಯೆಂಬಂತೆ ಫುಟ್‌ಪಾತಿನ ಕಡೆ ಹೊರಟುಬಿಡುತ್ತಿತ್ತು. ಕಣ್ಣಿನ ಆಪರೇಷನ್ ಆದಮೇಲೆ, ಈ ಕಾರು ಮನೆಗೆ ಬರುವ ಮೊದಲೇ, ಅಪ್ಪ ಓಡಿಸುವುದನ್ನು ಬಿಟ್ಟಿದ್ದರು. ಮನೆಯಲ್ಲಿ ಓಡಿಸುವವಳು ಅವಳೊಬ್ಬಳೇ ಆದ್ದರಿಂದ ದಿನವೂ ಹೋಲಿಸಿ ನೋಡಲು ಇನ್ನೊಬ್ಬರಿರಲಿಲ್ಲ. ಸರಿ, ಎಳೆದು ಹಿಡಿಯುವುದನ್ನೇ ರೂಢಿ ಮಾಡಿಕೊಂಡಳು.

ಪದವಿ ಮುಗಿಸಿದ ಮೇಲೆ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯವೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಅಲ್ಲಿಲ್ಲಿಯ ಬಾವಿ, ಕೆರೆ, ನಲ್ಲಿಗಳಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬರಬೇಕು. ವ್ಯಾನನ್ನು ತಾನೇ ಓಡಿಸಬೇಕು. ಜನರ ಜೊತೆ ಹೆಚ್ಚು ಮಾತಿಲ್ಲ, ದಿನವಿಡೀ ಒಬ್ಬಳೇ. ಅವಳ ಅಳತೆ ತೆಗೆದುಕೊಂಡೇ ಹೊಲಿದಂತಿದ್ದ ಕೆಲಸ. ಆದರೆ ಪ್ರಯೋಗಾಲಯದ ಮೇಲ್ವಿಚಾರಕಿ ಪಕ್ಕದಲ್ಲಿ ಕೂತು ಓಡಿಸಿ ತೋರಿಸಿ ಎಂದಾಗ, ಆ ವ್ಯಾನು ಬಲಕ್ಕೆ ವಾಲಿತು. ಎದುರಿಗೆ ಬಂದ ಲಾರಿಯವನು ಹಾರ್ನಿನ ಮೇಲೆ ಒತ್ತಿದ ಕೈ ತೆಗೆಯಲೇ ಇಲ್ಲ. ಮೇಲ್ವಿಚಾರಕಿ ಬೈಯಲಿಲ್ಲ. ಸೀಟಿನ ಅಂಚನ್ನು ಹಿಡಿದಿದ್ದ ತಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಬರುವ ಸೋಮವಾರ ಇನ್ನೊಂದು ಸಲ ನೋಡೋಣ, ಆಮೇಲೆ ಆಗುವುದಿಲ್ಲ ಎಂದರು.

ಒಂದು ಗಾಡಿ ಎಡಕ್ಕೆ, ಇನ್ನೊಂದು ಬಲಕ್ಕೆ. ಎರಡರಲ್ಲೂ ಕೂತಿದ್ದವಳು ಅವಳೇ. ಇನ್ನೇನು ಪುರಾವೆ ಬೇಕು? ನಾಳೆ ಸೋಮವಾರ. ಹೋಗುವುದೇ ಬೇಡ ಎಂದು ಅರ್ಧ ತೀರ್ಮಾನ ಆಗಿಹೋಗಿತ್ತು.

ಮನೆಯಲ್ಲಿ ಇದೆಲ್ಲ ಒಂದು ತಮಾಷೆ. ತಮಾಷೆಯ ಯಜಮಾನ ಭಾವ, ಅಕ್ಕನ ಗಂಡ. ಕಾರು ಮೊದಲು ಅವನದೇ ಆಗಿತ್ತು. ತಾನು ಹೊಸದು ಕೊಂಡಾಗ ಹಳೆಯದನ್ನು ಮಾವನ ಮನೆಗೆ ದಾಟಿಸಿದ್ದ. ಹೊರಗಿನವರಿಗೆ ಮಾರಲು ಮನಸ್ಸು ಬರಲಿಲ್ಲ, ಒಂದು ಗೀರು ಬೀಳದ ಹಾಗೆ ಸಾಕಿದ್ದೀನಿ ಎಂದು ಹೇಳಿ ಬಾನೆಟ್ ಸವರಿದ್ದ. ಅಂದಿನಿಂದ ಅಪ್ಪ ಅಳಿಯನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ಕಾರು ಎಡಕ್ಕೆ ಎಳೆಯುತ್ತದೆ ಎಂದು ಅವಳು ಆಗಲೇ ಒಮ್ಮೆ ಗೊಣಗಿದ್ದಳು. ಭಾವ ಒಂದು ಸುತ್ತು ಓಡಿಸಿ ಬಂದು, ತನಗೇನೂ ಹಾಗನ್ನಿಸಲಿಲ್ಲ, ಕೈ ನೆಟ್ಟಗಿದ್ದವರಿಗೆ ಕಾರೂ ನೆಟ್ಟಗೆ ಹೋಗುತ್ತದೆ ಎಂದ. ಮುಂದಿನ ಎಡ ಟೈರಿನ ಒಳಅಂಚು ಬೋಳಾದಾಗ, ಫುಟ್‌ಪಾತಿಗೆ ಉಜ್ಜಿಕೊಂಡು ಬರುತ್ತಾಳೆ ನೋಡಿ ಎಂದ. ಫುಟ್‌ಪಾತಿಗೆ ಉಜ್ಜಿದರೆ ಸವೆಯಬೇಕಾದ್ದು ಹೊರಗಿನ ಮೈ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದು ನಾಲಿಗೆಗೆ ಬರುವಷ್ಟರಲ್ಲಿ ಎಲ್ಲರೂ ನಕ್ಕು ಮುಗಿಸಿ ಬೇರೆ ಮಾತಿಗೆ ಹೋಗಿದ್ದರು. ಅವಳ ಮುಕ್ಕಾಲು ಪಾಲು ಮಾತುಗಳ ಗತಿ ಇದೇ. ಅವಳಿಗೆ ಎಡಚಿ ಎಂದು ಹೆಸರಿಟ್ಟವನೂ ಅವನೇ. ಬರೆಯುವುದು, ಉಣ್ಣುವುದು, ತಲೆ ಬಾಚುವುದು ಎಲ್ಲ ಬಲಗೈಯಲ್ಲೇ ಮಾಡುವ ಹುಡುಗಿಗೆ ಆ ಹೆಸರು ಮನೆತುಂಬ ಅಂಟಿಕೊಂಡಿತು. ಪಕ್ಕದ ಮನೆಯ ಅಜ್ಜಿ ಕೂಡ ಗೇಟಿನಿಂದ ಹಾಗೆಯೇ ಕೂಗುತ್ತಿದ್ದರು.

ಆ ಭಾನುವಾರ ಭಾವ ಅಕ್ಕನನ್ನೂ ಕರೆದುಕೊಂಡು ಬಂದದ್ದು ಸ್ಟ್ರಟ್ ಬಾರ್ ಬದಲಾಯಿಸುವುದಕ್ಕೆ. ಬಾನೆಟ್ಟಿನ ಒಳಗೆ ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗ್ ಕಂಬಗಳಿರುತ್ತವಲ್ಲ, ಅವುಗಳ ತಲೆಗಳನ್ನು ಅಡ್ಡಲಾಗಿ ಹಿಡಿದು ನಿಲ್ಲಿಸುವ ಲೋಹದ ಪಟ್ಟಿ ಅದು. ಕಾರಿನ ಜೊತೆ ಬಂದದ್ದು ತೆಳ್ಳಗಿನ ಕಪ್ಪು ಪಟ್ಟಿ. ಈಗ ಹಾಕುವುದು ಮಣಿಕಟ್ಟಿನಷ್ಟು ದಪ್ಪದ ಅಲ್ಯೂಮಿನಿಯಂ. ಇದರ ಮಾತು ಹುಟ್ಟಿದ್ದು ಟೈರಿನ ಅಂಗಡಿಯಲ್ಲಿ. ಟೈರು ಬದಲಿಸಿದವನು, ಸಾರ್, ಒಂದು ಸಲ ಎಲ್ಲಾದರೂ ಕಾರಿನ ಬಾಡಿ ಅಳತೆ ತೆಗೆಸಿ ಎಂದು ಅಪ್ಪನಿಗೆ ಹೇಳಿದ್ದ. ಅಪ್ಪ ಅದನ್ನು ಅಳಿಯನಿಗೆ ದಾಟಿಸಿದ್ದರು. ಅಳತೆಗಿಳತೆ ಏನೂ ಬೇಡ, ಅವರೆಲ್ಲ ಸುಮ್ಮನೆ ತಲೆ ತಿನ್ನುತ್ತಾರೆ, ದಪ್ಪ ಬಾರ್ ಹಾಕಿದರೆ ಕಾರು ಬಿಗಿಯಾಗುತ್ತದೆ, ನಮ್ಮ ಎಡಚಿ ಓಡಿಸಿದರೂ ನೇರ ಹೋಗುತ್ತದೆ ಎಂದು ಭಾವ ಅವತ್ತೇ ಫೋನಿನಲ್ಲಿ ತೀರ್ಪು ಕೊಟ್ಟ. ತರಿಸುವ ಕೆಲಸ ಅವಳ ಪಾಲಿಗೆ ಬಂತು. ಕಾರಿನ ಕಾಗದ ತೆಗೆದು, ಮಾಡೆಲ್ಲು, ವರ್ಷ ಎರಡೂ ಮತ್ತೆ ಮತ್ತೆ ನೋಡಿ ತರಿಸಿದ್ದಳು. ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆಯನ್ನೂ ಓದಿದ್ದಳು: ಕಾರು ಸಮತಟ್ಟಾದ ಜಾಗದಲ್ಲಿ ತನ್ನ ಚಕ್ರಗಳ ಮೇಲೇ ನಿಂತಿರಬೇಕು, ಜಾಕ್ ಕೊಡಬಾರದು, ಕಂಬದ ತಲೆಯ ನಡುವಿನ ದೊಡ್ಡ ನಟ್ ಮುಟ್ಟಬಾರದು, ಸುತ್ತಲಿನವನ್ನಷ್ಟೇ ಬಿಚ್ಚಬೇಕು, ಕೊರೆಯುವ, ಅರ ಹಾಕಿ ಉಜ್ಜುವ ಅಗತ್ಯವಿಲ್ಲ.

ಭಾವ ಬಂದವನೇ ಜಾಕ್ ತೆಗೆದು ಕಾರಿನ ಕೆಳಗೆ ತಳ್ಳಿದ. ಹಾಳೆಯಲ್ಲಿ ಬೇಡ ಅಂತ ಇದೆ ಎಂದು ಅವಳು ಸಣ್ಣ ದನಿಯಲ್ಲಿ ಹೇಳಿದಳು. ಹಾಳೆ ಬರೆದವನು ಕಾರು ಮುಟ್ಟಿದ್ದನೋ ಇಲ್ಲವೋ ಎಂದು ಅವನು ನಕ್ಕ, ಅಪ್ಪನೂ ನಕ್ಕರು. ಸ್ವಲ್ಪ ಹೊತ್ತಾದ ಮೇಲೆ, ತನಗೇ ಈಗ ತಾನೇ ಹೊಳೆಯಿತು ಎಂಬ ಹಾಗೆ, ಬೇಡ ಮಾವ, ಚಕ್ರದ ಮೇಲೇ ಇರಲಿ ಎಂದು ಜಾಕ್ ಎಳೆದು ಪಕ್ಕಕ್ಕಿಟ್ಟ. ಅಪ್ಪ ಪೋರ್ಟಿಕೋದಲ್ಲಿ ಕುರ್ಚಿ ಹಾಕಿಸಿಕೊಂಡು, ಮಗಳ ಕಡೆ ನೋಡಿ, ಕಲಿತುಕೋ ಎಂಬಂತೆ ತಲೆಯಾಡಿಸಿದರು. ಅಡುಗೆಮನೆಯಲ್ಲಿದ್ದ ಅಮ್ಮನಿಂದ ಈಸಿಕೊಂಡು ತಂದ ಸ್ಟೀಲ್ ಬಟ್ಟಲನ್ನು ಹಿಡಿದುಕೊಂಡು ನಿಲ್ಲುವುದು ಅವಳ ಕೆಲಸ. ಬಿಚ್ಚಿದ ನಟ್ಟುಗಳು ಟಣ್ ಟಣ್ ಎಂದು ಅದರೊಳಗೆ ಬಿದ್ದವು.

ಹಳೆಯ ಪಟ್ಟಿ ಎದ್ದು ಬಂತು. ಅವಳು ಕೈ ಚಾಚಿದಳು. ಭಾವ ಅದನ್ನು ಅವಳ ಕೈಗೆ ಕೊಡದೆ ತನ್ನ ಬೆನ್ನ ಹಿಂದಿನ ಗೋಡೆಗೆ ಒರಗಿಸಿ, ಮುಟ್ಟಬೇಡ, ಗ್ರೀಸಾಗುತ್ತದೆ ಎಂದ. ಆಮೇಲೆ ಹೊಸ ಬಾರನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪನಿಗೆ ತೋರಿಸಿ, ಒಳಗಿಟ್ಟ. ಬಲಗಡೆ ಕಾಲಿಗೆ ಚಪ್ಪಲಿ ಕೂತಂತೆ ಕೂತಿತು. ಎಡಗಡೆ ಬೋಲ್ಟುಗಳು ಒಂದು ಕಡೆ, ತೂತುಗಳು ಇನ್ನೊಂದು ಕಡೆ. ನಡುವೆ ಕಿರುಬೆರಳಿನ ದಪ್ಪದಷ್ಟು ಅಂತರ. ಭಾವ ಒತ್ತಿದ, ಎಳೆದ, ಮೊಣಕೈ ಊರಿ ಅದರ ಮೇಲೆ ಭಾರ ಬಿಟ್ಟ. ಬಾರ್ ಜಪ್ಪೆನ್ನಲಿಲ್ಲ.

“ವರ್ಷ ತಪ್ಪು ತರಿಸಿದ್ದಾಳೆ ಮಾವ, ನಿಮ್ಮ ಎಡಚಿ” ಎಂದ ಭಾವ. ಅಪ್ಪನ ಮುಖ ಸಣ್ಣದಾಯಿತು. ಒಂದು ಕೆಲಸ ಹೇಳಿದರೆ ನೋಡಿ ಮಾಡುವುದಲ್ಲವೇನಮ್ಮಾ ಎಂದು ಮಗಳನ್ನು ಕೇಳಿದರು. ನೋಡಿದ್ದೆ, ಮತ್ತೆ ಮತ್ತೆ ನೋಡಿದ್ದೆ ಎನ್ನಬೇಕೆಂದಿದ್ದಳು. ನೋಡಿದ್ದು ಹೌದಾ ಎಂದು ಅವಳಿಗೇ ಅನುಮಾನ ಬರತೊಡಗಿತ್ತು.

ಚಿಂತೆಯಿಲ್ಲ, ಇದಕ್ಕೂ ದಾರಿ ಇದೆ ಎಂದು ಭಾವ ತನ್ನ ಚೀಲಕ್ಕೆ ಕೈ ಹಾಕಿ ಒಂದು ಗುಂಡನೆಯ ಅರ ತೆಗೆದ. ಹೊಚ್ಚಹೊಸದು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಅದನ್ನು ಹಲ್ಲಿನಲ್ಲಿ ಕಚ್ಚಿ ಹರಿದ. ತೂತನ್ನು ಒಂಚೂರು ಉದ್ದ ಮಾಡಿದರೆ ಮುಗಿಯಿತು ಎಂದು ಬಾರನ್ನು ಮೆಟ್ಟಿಲ ಮೇಲಿಟ್ಟು ಕಾಲಿನಲ್ಲಿ ಅದುಮಿ ಉಜ್ಜಲು ಕೂತ. ಅಳತೆ ಹಿಡಿಯಲಿಲ್ಲ, ಗುರುತು ಹಾಕಿಕೊಳ್ಳಲಿಲ್ಲ. ದಿನಾ ಬರುವ ಹಾಲಿನವನನ್ನು ಕಂಡವನ ಹಾಗೆ, ಒಂದಿಷ್ಟೂ ಅಚ್ಚರಿಯಿಲ್ಲದೆ ಇತ್ತು ಅವನ ಮುಖ.

ಅವಳು ಬಟ್ಟಲನ್ನು ಕೆಳಗಿಟ್ಟಳು. ಅರ ಹಾಕುವ ಅಗತ್ಯವೇ ಇಲ್ಲದ ಕೆಲಸಕ್ಕೆ, ಬಾನೆಟ್ ತೆರೆಯುವ ಮೊದಲೇ, ಅರ ಕೊಂಡು ತರುವವರು ಯಾರು?

ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಯಾರೂ ನೋಡದಂತೆ ನಡೆದಾಡುವುದು ಅವಳಿಗೆ ಕರಗತವಾದ ವಿದ್ಯೆ. ಗೋಡೆಯ ಹತ್ತಿರ ಹೋಗಿ ಹಳೆಯ ಪಟ್ಟಿಯನ್ನು ಎತ್ತಿಕೊಂಡಳು. ಗ್ರೀಸ್ ಎಲ್ಲೂ ಇರಲಿಲ್ಲ. ಬಲಗಡೆಯ ತೂತುಗಳು ದುಂಡಗಿದ್ದವು. ಎಡಗಡೆಯವು ಮೊಟ್ಟೆಯ ಹಾಗೆ ಉದ್ದುದ್ದ. ಬೆಳಕಿಗೆ ಹಿಡಿದು ಓರೆ ಮಾಡಿದಾಗ ತೂತಿನ ಒಳಗೋಡೆಯಲ್ಲಿ ಅರದ ಗೀರುಗಳು ಕಂಡವು. ಗೀರುಗಳ ಮೇಲೆ ಕಪ್ಪು ಬಣ್ಣ ಬಳಿದಿತ್ತು, ಉಳಿದ ಪಟ್ಟಿಯ ಬಣ್ಣಕ್ಕಿಂತ ಒಂದಿಷ್ಟು ಹೆಚ್ಚು ಹೊಳೆಯುವ ಬಣ್ಣ. ಯಾರೋ ಯಾವಾಗಲೋ ಇದೇ ಕೆಲಸವನ್ನು ಇದೇ ಜಾಗದಲ್ಲಿ ಮಾಡಿ, ಮುಚ್ಚಿ, ಒಂದು ಗೀರೂ ಬಿದ್ದಿಲ್ಲ ಎಂದಿದ್ದರು.

ಬಾರ್ ಸರಿಯಾಗಿತ್ತು. ವರ್ಷ ಸರಿಯಾಗಿತ್ತು. ಎಡಗಡೆಯ ಕಂಬವೇ ಜಾಗ ಬಿಟ್ಟು ಒಳಕ್ಕೆ ಹೋಗಿತ್ತು. ಸುಮ್ಮಸುಮ್ಮನೆ ಕಬ್ಬಿಣದ ಕಂಬ ಜಾಗ ಬಿಡುವುದಿಲ್ಲ. ಕಂಬ ವಾಲಿದ್ದಕ್ಕೆ ಚಕ್ರ ವಾಲಿತ್ತು, ಚಕ್ರ ವಾಲಿದ್ದಕ್ಕೆ ಟೈರಿನ ಒಳಅಂಚು ಸವೆದಿತ್ತು, ಕಾರು ಎಡಕ್ಕೆ ಎಳೆದಿತ್ತು. ಎಳೆಯುವ ಕಾರನ್ನು ನೇರ ಓಡಿಸಲು ಅವಳ ಕೈ ಬಲಕ್ಕೆ ಹಿಡಿಯುವುದನ್ನು ಕಲಿತಿತ್ತು. ಅದೇ ಕೈ ನೆಟ್ಟಗಿದ್ದ ವ್ಯಾನಿನಲ್ಲಿ ಕೂತಾಗ, ಕಲಿತದ್ದನ್ನು ಮರೆಯದೆ ಬಲಕ್ಕೇ ಹಿಡಿಯಿತು.

ಪಿತ್ತ ನೆತ್ತಿಗೇರುವುದು ಎಂದರೆ ಏನೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಿವಿಯ ಹಿಂದೆಲ್ಲ ಬಿಸಿಯಾಯಿತು. ಮದುವೆಮನೆಗಳಲ್ಲಿ ನೆಂಟರ ಮುಂದೆ ಎಡಚಿ ಎಂದು ಕರೆದದ್ದು, ಪಕ್ಕದ ಸೀಟಿನಲ್ಲಿ ಕೂತಾಗ ತಮಾಷೆಗೆಂದು ಸೀಟ್‌ಬೆಲ್ಟನ್ನು ಎರಡು ಸಲ ಎಳೆದು ನೋಡುತ್ತಿದ್ದದ್ದು, ನಿನ್ನ ತಂಗಿಗೆ ನೇರ ಗೆರೆ ಅಂದರೆ ಅಲರ್ಜಿ ಎಂದು ಅಕ್ಕನಿಗೆ ಹೇಳಿ ಕಣ್ಣು ಹೊಡೆದದ್ದು. ಗೊತ್ತಿದ್ದೂ ಹೇಳುತ್ತಿದ್ದ. ಪ್ರತಿಸಲವೂ ಗೊತ್ತಿದ್ದೇ ಹೇಳುತ್ತಿದ್ದ. ಅವಳಂತೂ ಬಚ್ಚಲಿನಲ್ಲಿ ಕೈ ಚಾಚಿಕೊಂಡು ನಿಂತಿದ್ದಳು, ದಡ್ಡಿ.

ಅಷ್ಟರಲ್ಲಿ ಅಕ್ಕ ಟೀ ತಟ್ಟೆ ಹಿಡಿದು ಹೊರಗೆ ಬಂದಳು. ತಂಗಿಯ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು, ಆಮೇಲೆ ಲೋಟಗಳನ್ನು ನೋಡಿದಳು. ಲೋಟಗಳಿಂದ ಮತ್ತೆ ಕಣ್ಣೆತ್ತಲಿಲ್ಲ.

“ಅದನ್ನ ಅಲ್ಲೇ ಇಟ್ಬಿಡೇ” ಎಂದಳು, ಇಬ್ಬರಿಗಷ್ಟೇ ಕೇಳುವಂತೆ. “ನೀನು ಹೇಗೂ ಯಾವತ್ತೂ ಏನೂ ಅನ್ನೋಳಲ್ಲ. ಇವತ್ತೊಂದಿನ ಸುಮ್ನಿದ್ಬಿಡು.”

ಅಕ್ಕನಿಗೂ ಗೊತ್ತಿತ್ತು. ತಂಗಿ ಪಟ್ಟಿಯನ್ನು ಕೆಳಗಿಡಲಿಲ್ಲ. ಅಕ್ಕ ಟೀ ಹಂಚಲು ಹೋದಳು. ಅರದ ಕಿರ್ ಕಿರ್ ಸದ್ದು ಹಲ್ಲಿನ ಬೇರಿಗೆ ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಅಲ್ಯೂಮಿನಿಯಂ ಪುಡಿ ಹಿಟ್ಟಿನಂತೆ ಬೀಳುತ್ತಿತ್ತು. ಹೀಗೆ ಸಡಿಲ ಮಾಡಿದ ತೂತಿನಲ್ಲಿ ಬೋಲ್ಟು ಜಾರದೆ ನಿಲ್ಲುತ್ತದೆಯೋ ಇಲ್ಲವೋ, ಆ ಕಾರಿನಲ್ಲಿ ಕೂರುವವರು ಅವಳು, ಅಪ್ಪ, ಅಮ್ಮ.

ಭಾವ ಟೀ ಲೋಟ ತೆಗೆದುಕೊಂಡು, ಉಫ್ ಎಂದು ಊದಿ, ದನಿಯನ್ನು ಮೆತ್ತಗೆ ಮಾಡಿಕೊಂಡ. ಅವಳ ಮೇಲೆ ಕನಿಕರ ಬಂದಾಗ ಅವನ ದನಿ ಹಾಗಾಗುತ್ತಿತ್ತು.

“ನಾಳೆ ವಿಷಯಕ್ಕೆ ಅವಳನ್ನ ಬಲವಂತ ಮಾಡ್ಬೇಡಿ ಮಾವ. ಎಲ್ಲರ ಕೈಗೂ ಸ್ಟೀರಿಂಗ್ ಒಗ್ಗಲ್ಲ, ಅದರಲ್ಲಿ ನಾಚಿಕೆ ಏನಿದೆ. ಬೇಕಾದ್ರೆ ನಾನೇ ಆ ಲ್ಯಾಬಿಗೆ ಫೋನ್ ಮಾಡಿ ಹೇಳ್ತೀನಿ, ಬರೋದಿಲ್ಲ ಅಂತ.”

ಅಪ್ಪ ಹಗುರಾದರು. ಯಾರೋ ಹೊಣೆ ಹೊತ್ತುಕೊಂಡರೆ ಅವರಿಗೆ ಯಾವಾಗಲೂ ಹಗುರವೇ.

“ನೀವೇ ಹೇಳಿಬಿಡಿ. ಅವಳಿಗೆ ಮಾತಾಡೋಕೆ ಎಲ್ಲಿ ಬರುತ್ತೆ” ಎಂದರು.

ಭಾವ ಜೇಬಿನಿಂದ ಫೋನ್ ತೆಗೆದು, ನಂಬರ್ ಹೇಳು ಎಂಬಂತೆ ಅವಳ ಕಡೆ ನೋಡಿದ. ಅವಳು ಹತ್ತಿರ ಬಂದಳು. ಹಳೆಯ ಪಟ್ಟಿಯನ್ನು ಅಪ್ಪನ ತೊಡೆಯ ಮೇಲೆ ಅಡ್ಡಲಾಗಿ ಇಟ್ಟು, ಅವರ ತೋರುಬೆರಳನ್ನು ಹಿಡಿದು ಎಡಗಡೆಯ ಉದ್ದನೆಯ ತೂತಿನೊಳಗೆ ತೂರಿಸಿದಳು. ಅಪ್ಪ ಅರ್ಥವಾಗದೆ ತಮ್ಮ ಬೆರಳನ್ನೇ ನೋಡಿಕೊಂಡರು. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಮಾತು ಬೇರೆ ಕಡೆ ಹೊರಳುವವರೆಗೆ ತಂಗಿ ಕಾದುಬಿಡುತ್ತಿದ್ದಳು. ಈ ಸಲ ಕಾಯಲಿಲ್ಲ. ದನಿ ಗೇಟಿನ ಆಚೆಗೂ ಕೇಳುವಷ್ಟು ಜೋರಾಗಿಯೇ ಬಂತು.

“ಈ ಕಾರು ಎಡಗಡೆ ಡಿಕ್ಕಿ ಹೊಡೆದದ್ದು, ಭಾವ. ನಮಗೆ ಕೊಡೋವಾಗಲೇ ನಿಮಗೆ ಗೊತ್ತಿತ್ತು.”