ರೆಕ್ಕೆ ಹಿಡಿದವಳು

"ದಾರಿ ಬುಡ್ರವ್ವಾ, ರೆಕ್ಕೆ ತಗಲ್ತದೆ!"

ನಂಜಪ್ಪ ಪ್ಲಾಸ್ಟಿಕ್ಕಿನ ಮಾದರಿ ವಿಮಾನವನ್ನು ಎರಡು ಕೈಯಲ್ಲೂ ಹಿಡಿದು ಒಳಕೋಣೆಯಿಂದ ಅಡ್ಡಡ್ಡವಾಗಿ ಹೊರಗೆ ಬಂದ. ಪಡಸಾಲೆಯ ಹೆಂಗಸರು ಅಳು ನಿಲ್ಲಿಸಿ ಕಾಲು ಮಡಿಸಿಕೊಂಡರು. ಗೋಡೆಗೆ ಒರಗಿಸಿ ಕೂರಿಸಿದ್ದ ಅಣ್ಣ ಕಾಳಪ್ಪನ ಹೆಣದ ಪಕ್ಕದಲ್ಲಿ ಅದನ್ನು ಇಳಿಸಿದ.

"ಅಣ್ಣನ ಜತೇಲಿ ಇದೂ ಓಗ್ಲಿ ಅತ್ಗೆ," ಎಂದ ಸುಬ್ಬಮ್ಮನ ಕಡೆ ತಿರುಗಿ. "ಸುತ್ಗೆ, ಚಿಮ್ಟ ಗುಂಡಿಗಿಡಂಗಿಲ್ಲ, ಅವು ಅಕ್ಸಾಲಿ ಕಸುಬಿನ ದೇವ್ರು. ಅವ್ನು ಆಸೆಪಟ್ ಮಾಡ್ಕಂಡದ್ದು ಅಂದ್ರೆ ಇದೊಂದೇಯ."

"ಇಮಾನ ಕೊಟ್ ಕಳಿಸ್ತಾನಂತೆ!" ಪಕ್ಕದ ಮನೆಯ ಸೋಮಮ್ಮ ಮೂಗೊರೆಸಿಕೊಂಡಳು. "ಮೈಸೂರ್ ಬಸ್ಸತ್ತುದ್ರೆ ವಾಂತಿ ಮಾಡ್ಕತಿದ್ದ ಮನ್ಸ ಕಣಪ್ಪ ಅದು."

ಅಳುತ್ತಿದ್ದವರೂ ನಕ್ಕರು. ಸುಬ್ಬಮ್ಮ ನಗಲಿಲ್ಲ. ಕೊಡಲ್ಲ ಎನ್ನಬೇಕು ಅನಿಸಿತು ಅವಳಿಗೆ. ಮಣ್ಣಿಗೆ ಹೋಗುತ್ತಿರುವ ಗಂಡನ ವಸ್ತುವನ್ನು ನನಗಿರಲಿ ಎಂದು ಯಾವ ಬಾಯಲ್ಲಿ ಕೇಳುವುದು?

*

ದುಬೈನಲ್ಲಿ ಮರಗೆಲಸಕ್ಕಿದ್ದ ನಂಜಪ್ಪನೇ ತೊಂಬತ್ತೈದರಲ್ಲಿ ಅದರ ಬಿಡಿ ಚೂರುಗಳಿದ್ದ ಡಬ್ಬವನ್ನು ಪಾಂಡವಪುರಕ್ಕೆ ತಂದವನು. ಎರಡನೇ ಮಹಾಯುದ್ಧದ ಫೈಟರ್ ವಿಮಾನ. ಜೋಡಿಸಿದರೆ ಮೊರದಷ್ಟು ಅಗಲ, ಹಲಸಿನೆಲೆಯಂಥ ರೆಕ್ಕೆ. ಮೈಸೂರಿನ ರೆಡಿಮೇಡ್ ಒಡವೆ ಬಂದಮೇಲೆ ಕಾಳಪ್ಪನ ಅಗ್ಗಿಷ್ಟಿಕೆ ತಣ್ಣಗಾಗಿತ್ತು. "ಸುಮ್ಕೆ ಕೂರೋ ಬದ್ಲು ಇದ ಜೋಡ್ಸಣ್ಣ," ಎಂದು ನಂಜಪ್ಪ ಕೊಟ್ಟು ಹೋಗಿದ್ದ.

ಬೆಸುಗೆ ಎಂದರೆ ಬೆಂಕಿ ಎಂದಷ್ಟೇ ಅಕ್ಕಸಾಲಿಯ ಕೈಗೆ ಗೊತ್ತು. ಕಾಳಪ್ಪ ಮೊದಲ ದಿನವೇ ಊದುಗೊಳವೆ ಹಿಡಿದು ಊದಿದ. ಪ್ಲಾಸ್ಟಿಕ್ಕಿನ ಪ್ರೊಪೆಲ್ಲರು ಬೆಲ್ಲದ ಪಾಕವಾಯಿತು. ಹಿತ್ತಾಳೆಯಲ್ಲಿ ಹೊಸದು ಕೊರೆದು ಕೂರಿಸಿ, ಸೋತವನಂತೆ ಅಂಟಿನ ಟ್ಯೂಬು ಬಿಚ್ಚಿದ. ಅಂಟಿಗೆ ಅವಸರವಿರಲಿಲ್ಲ. ಅದಕ್ಕೆ ಅವನ ಎರಡು ಕೈ ಸಾಲಲಿಲ್ಲ.

"ಲೇ ಸುಬ್ಬಿ, ಬಾ ಇಲ್ಲಿ. ಈ ರೆಕ್ಕೆ ಇಡ್ಕೋ."

"ಕೈಯೆಲ್ಲಾ ರಾಗಿಹಿಟ್ಟು."

"ಇರ್ಲಿ ಇಡ್ಕೋ. ಅಲ್ಲಾಡ್ಬೇಡ."

ಒಣಗುವ ತನಕ ಇಬ್ಬರೂ ಏಳುವಂತಿರಲಿಲ್ಲ. ಒಲೆಯ ಮೇಲೆ ಎಸರು ಉಕ್ಕಿದರೂ ಏಳುವಂತಿರಲಿಲ್ಲ. ಮಗಳು ಮದುವೆಯಾಗಿ ಹೋದಮೇಲೆ ಅವರು ಹೀಗೆ ಎದುರುಬದುರು ಕೂತದ್ದೇ ಇಲ್ಲ.

"ಮದ್ವೆ ದಿನ ಬಿಂಡಿಗನವಿಲೆಯಿಂದ ಬರೋವಾಗ ಬಸ್ಸಲ್ಲಿ ಅಳ್ತಾನೇ ಇದ್ದೆಯಲ್ಲ," ಎಂದ ಕಾಳಪ್ಪ, ರೆಕ್ಕೆಯನ್ನೇ ನೋಡುತ್ತಾ. "ನಾನು ಇಷ್ಟ ಇರ್ನಿಲ್ವಾ?"

"ಅಯ್ಯೋ! ಕಾಲುಂಗ್ರ ಬಿಗಿಯಾಗಿ ಬೆರಳು ಊದ್ಕಂಡಿತ್ತು. ನೀವೇ ಮಾಡಿದ್ದಂತೆ. ಅದೆಂಗ್ ಯೋಳ್ಲಿ?"

ಕಾಳಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕ. ರೆಕ್ಕೆ ಜರುಗಿ ತುಸು ಓರೆಯಾಗಿಯೇ ಅಂಟಿತು. "ಅಂಗೇ ಇರ್ಲಿ ಬುಡು," ಎಂದ. ಮಾರನೆಯ ದಿನದಿಂದ ಹಿಡಿಯುವ ಅಗತ್ಯವಿಲ್ಲದ ಚೂರುಗಳಿಗೂ ಅವಳನ್ನು ಕರೆಯತೊಡಗಿದ.

*

ಚಟ್ಟ ಎತ್ತಿದರು. ಹಿಂದೆಯೇ ವಿಮಾನ ಎತ್ತಿಕೊಂಡು ಬಂದ ನಂಜಪ್ಪನಿಗೆ ಸುಬ್ಬಮ್ಮ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಅದ ಕೊಡು ನಂಜಪ್ಪ."

"ಸತ್ತೋರ್ದು ಅತ್ಗೆ. ಇಂತಾ ಒತ್ನಲ್ಲಿ..."

"ಅವ್ರೊಬ್ರುದೇ ಅಲ್ಲ. ನಾನೂ ಮಾಡಿವ್ನಿ."

"ನೀನಾ?"

"ಅವ್ರು ಅಂಟಾಕ್ತಿದ್ರು. ನಾನು ಇಡ್ಕತಿದ್ದೆ."

ಬೀದಿಯಲ್ಲಿ ಹೊತ್ತವರು ಕಾಯುತ್ತಿದ್ದರು. ನಂಜಪ್ಪ ಚಟ್ಟದ ಕಡೆ ನೋಡಿದ, ಅತ್ತಿಗೆಯ ಚಾಚಿದ ಕೈ ನೋಡಿದ. ಮಗುವನ್ನು ದಾಟಿಸುವಂತೆ ದಾಟಿಸಿದ.

ಗಂಡಸರು ತಿರುವು ದಾಟಿದ ಮೇಲೆ ಹೆಂಗಸರು ಮನೆಯನ್ನೆಲ್ಲ ತೊಳೆದರು. ಒಳಗೂ ಹೊರಗೂ ನೀರು. ಅಂಗಳದಲ್ಲಿ ಸೋಮಮ್ಮ ತುಂಬಿದ ಬಿಂದಿಗೆ ಹಿಡಿದು ಸುಬ್ಬಮ್ಮನ ಮುಂದೆ ನಿಂತಳು.

"ತಲೆಗ್ ನೀರ್ ಬೀಳ್ದೆ ಒಳಿಕ್ಕೆ ಓಗಂಗಿಲ್ಲ. ಅದ ಕೆಳಗಿಡವ್ವ."

"ಎಲ್ಲಿಡ್ಲಿ? ಎಲ್ಲಾ ಒದ್ದೆ. ಅಂಟು ಬುಟ್ಕತದೆ."

"ನನ್ ಕೈಗ್ ಕೊಡು ಮತ್ತೆ."

"ನಿನ್ ಕೈಯೂ ಒದ್ದೆ ಕಣಕ್ಕ."

ಸುಬ್ಬಮ್ಮ ವಿಮಾನವನ್ನು ಎರಡೂ ಕೈಯಿಂದ ತಲೆಗಿಂತ ಮೇಲಕ್ಕೆ, ತೋಳು ಚಾಚುವಷ್ಟೂ ಎತ್ತರಕ್ಕೆ ಎತ್ತಿದಳು. ಸೋಮಮ್ಮ ಪಕ್ಕಕ್ಕೆ ಬಂದು, ಬಿಂದಿಗೆಯನ್ನು ಓರೆ ಮಾಡಿ, ಮೇಲಕ್ಕೆ ಒಂದು ಹನಿಯೂ ಸಿಡಿಯದಂತೆ, ರೆಕ್ಕೆಯ ಅಡಿಯಿಂದ ಅವಳ ನೆತ್ತಿಗೆ ಮೆಲ್ಲಮೆಲ್ಲನೆ ನೀರು ಸುರಿದಳು.