ಮನಸ್ಸಿಗೆ ಹಾಕಿದ ಅಂಕ

"ನನ್ನ ಮನಸ್ಸಿಗೆ ಮಾರ್ಕ್ಸ್ ಹಾಕೋಕೆ ನೀನ್ಯಾರೇ? ಯಾವ ಶಾಲೆ ಟೀಚರ್ ನೀನು?"

"ನೀವು ಹಾಕ್ಲಿಲ್ಲ, ನಾನು ಹಾಕ್ದೆ. ಕೂಗ್ಬೇಡಿ, ಹೊರಗೆ ಜನ ಕೂತಿದಾರೆ."

"ಕೂತಿರ್ಲಿ. ಅವರೂ ಕೇಳಿಸ್ಕೊಳ್ಳಲಿ. ಗಂಡ ಗೋಡೆ ಕಡೆ ಮುಖ ಮಾಡ್ಕೊಂಡು ಬಿದ್ದಿದಾನೆ, ಹೆಂಡತಿ ಕೂತ್ಕೊಂಡು ಎಂಟು ಬರೀತಾಳೆ. ಒಂದು ದಿನ ಅಲ್ಲ, ಎಪ್ಪತ್ತು ದಿನ."

ನನ್ನ ಹೆಂಡತಿ ತಲೆ ಎತ್ತಲಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಕೋಣೆ ಅದು. ಮೇಜಿನ ಆಚೆ ಸಂಶೋಧನೆಯ ಡಾಕ್ಟರಮ್ಮ, ಅವರ ಪಕ್ಕ ಫಾರಂ ತುಂಬಿಸುವ ನರ್ಸ್. ಈಚೆ ನಾವಿಬ್ಬರು. ನಡುವೆ ಒಂದು ನೀಲಿ ರಟ್ಟಿನ ಪುಸ್ತಕ.

ಇಪ್ಪತ್ತಾರು ವರ್ಷ ಲೇತ್ ಯಂತ್ರದ ಮುಂದೆ ನಿಂತವನು ನಾನು. ಐದು ತಿಂಗಳ ಹಿಂದೆ ಲಕ್ವ ಹೊಡೆಯಿತು. ಕಾಲು ಹೇಗೋ ನೆಟ್ಟಗಾಯಿತು, ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತದೆ. ಬೇರೆ ರೋಗಿಗಳಿಗೆ ಮೂರು ವಾರ ವ್ಯಾಯಾಮ ಮಾಡಿಸಿ, ಚಿತ್ರವಿರುವ ಒಂದು ಹಾಳೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಸಂಶೋಧನೆಗೆ ಸೇರಿದವರಿಗೆ ಮಾತ್ರ ವಾರಕ್ಕೆರಡು ಸಲ, ಒಂದು ವರ್ಷ. ನನ್ನ ಕೈಗೆ ಅದೊಂದೇ ದಾರಿ.

ಮನಸ್ಸು ಹೇಗಿದ್ದರೆ ಕೈ ಎಷ್ಟು ಬೇಗ ಸ್ವಾಧೀನಕ್ಕೆ ಬರುತ್ತದೆ ಎಂಬುದೇ ಅವರ ಸಂಶೋಧನೆ. ಅದಕ್ಕೆ ಈ ಪುಸ್ತಕ. ದಿನಾ ಸಂಜೆ ರೋಗಿಯೇ, ಎಡಗೈಯಲ್ಲಾದರೂ ಸರಿ, ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ಒಂದಕ್ಕೆ ಸುತ್ತು ಹಾಕಬೇಕು; ಮನಸ್ಸು ಖುಷಿಯಾಗಿದ್ದಷ್ಟೂ ಅಂಕಿ ದೊಡ್ಡದು. ಮೊದಲ ದಿನವೇ ನಾನು ಪೆನ್ಸಿಲ್ ಎಸೆದಿದ್ದೆ. ಕೈ ಕೊಡಿ ಅಂದರೆ ಪುಸ್ತಕ ಕೊಡ್ತಾರೆ ಅಂದಿದ್ದೆ. ಆಮೇಲೆ ಅದು ಎಲ್ಲಿದೆ ಎಂದು ಕೇಳಿರಲಿಲ್ಲ. ಇವಳು ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಸುತ್ತು ಹಾಕುತ್ತಿದ್ದಳಂತೆ.

ಇವತ್ತು ನರ್ಸ್ ಹಾಳೆ ತಿರುವುತ್ತಾ ನಗಾಡಿದರು. "ಯಜಮಾನ್ರೇ, ನಮ್ಮ ಪಟ್ಟಿಯಲ್ಲೇ ನಿಮ್ಮಷ್ಟು ಖುಷಿಯಾಗಿರೋರು ಇನ್ನೊಬ್ಬರಿಲ್ಲ."

ಡಾಕ್ಟರಮ್ಮ ನಗಲಿಲ್ಲ. "ಮನಸ್ಸು ಇಷ್ಟು ಚೆನ್ನಾಗಿದ್ದೂ ಬೆರಳು ಯಾಕೆ ಏಳ್ತಿಲ್ಲ ಅಂತ ನನಗೇ ತಲೆ ಕೆಟ್ಟಿದೆ," ಅಂದರು. ಆಗ ಪುಸ್ತಕ ಇಸಿದುಕೊಂಡು ನೋಡಿದೆ. ಜಗಳ ಶುರುವಾಗಿದ್ದು ಹಾಗೆ.

"ಯಾಕಮ್ಮ ಹೀಗೆ ಮಾಡಿದ್ರಿ?" ಡಾಕ್ಟರಮ್ಮ ಕೇಳಿದರು.

"ಮೊದಲನೇ ವಾರ ನಿಜಾನೇ ಹಾಕಿದ್ದೆ. ಎರಡು, ಒಂದು, ಒಂದು. ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಸಿಕ್ಕಿದ್ರು. ಕಮ್ಮಿ ಮಾರ್ಕ್ಸ್ ಬಂದೋರನ್ನ ಫೇಲ್ ಮಾಡಿ ಕಳಿಸಿಬಿಡ್ತಾರೆ ಅಂದ್ರು. ಮನೆಗೆ ಹೋಗಿ ಅಳಿಸಿದೆ."

"ಎಂಟೇ ಯಾಕೆ?"

"ಹತ್ತು ಹಾಕಿದ್ರೆ ನೀವು ನಂಬಲ್ಲ ಅಂತ."

ನರ್ಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಇದು ಪರೀಕ್ಷೆ ಅಲ್ಲಮ್ಮ. ಎರಡು, ಒಂದು ಅಂತ ಕಂಡಿದ್ರೆ ಆ ವಾರವೇ ಇವರನ್ನ ಮನಸ್ಸಿನ ಡಾಕ್ಟರ್ ಹತ್ರ ಕಳಿಸ್ತಿದ್ದೆ. ಕೆಲವರಿಗೆ ಅದರಿಂದ ವ್ಯಾಯಾಮಾನೂ ಮೈಗೆ ಹತ್ತುತ್ತೆ."

ಅದನ್ನು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಕಾರ್ಖಾನೆಯಲ್ಲಿ ಅಳೆಯದೆ ಅಳತೆ ಬರೆದವನನ್ನು ಯಾರೂ ಪಕ್ಕ ಕೂರಿಸಿಕೊಳ್ಳುತ್ತಿರಲಿಲ್ಲ. ಅಂಥವನೊಬ್ಬನನ್ನು ಮೇಲಿನವರಿಗೆ ಹೇಳಿ ಕೆಲಸದಿಂದ ತೆಗೆಸಿದವನು ನಾನೇ. ಕಳ್ಳ ಒಂದು ತುಂಡು ಕದ್ದರೆ, ಸುಳ್ಳು ಅಳತೆ ಬರೆದವನಿಂದ ನೂರು ತುಂಡು ಹಾಳು. ಈ ಮಾತನ್ನು ಹಾಗೇ ಹೆಂಡತಿಗೂ ಅಂದೆ. ಕಳ್ಳನಿಗಿಂತ ಕಡೆ ನೀನು ಅಂದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ಗೊತ್ತಿಲ್ಲದವನಲ್ಲ ನಾನು. ಗೊತ್ತಿದ್ದೂ ಕೊಯ್ಯುವ ಜಾತಿ.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ಸಾಕಾಗಿತ್ತು.

"ನಿಯಮದ ಪ್ರಕಾರ ನಿಮ್ಮನ್ನ ಸಂಶೋಧನೆಯಿಂದ ಈಗಲೇ ತೆಗೀಬೇಕು. ಒಂದು ದಾರಿ ಇದೆ. ಈ ಎಪ್ಪತ್ತು ದಿನ ಬಿಟ್ಟು ಇವತ್ತಿಂದ ಹೊಸದಾಗಿ ಶುರು ಮಾಡೋಣ. ಪುಸ್ತಕ ನೀವೇ ಬರೀಬೇಕು. ನೋಡ್ಕೊಳ್ಳೋರದ್ದೂ ಒಂದು ಫಾರಂ ಇದೆ, ಅದಕ್ಕೆ ಇವರು ಉತ್ತರ ಕೊಟ್ಟು ಸಹಿ ಹಾಕ್ಬೇಕು. ಮನೇಲಿ ನೋಡ್ಕೊಳ್ಳೋರು ಇಲ್ಲದೆ ಯಾರನ್ನೂ ಇಟ್ಕೊಳ್ಳೋ ಹಾಗಿಲ್ಲ."

"ಹಾಕ್ತಾಳೆ," ಅಂದೆ. ಎದೆಯಿಂದ ಕಲ್ಲು ಇಳಿದ ಹಾಗಾಯಿತು. ವ್ಯಾಯಾಮ ಉಳಿಯಿತು.

ನರ್ಸ್ ಹೊಸ ಫಾರಂ ತೆಗೆದು ಅವಳ ಕಡೆ ತಿರುಗಿದರು. "ಅಮ್ಮ, ಈ ವಾರ ನಿಮ್ಮ ಮನಸ್ಸು ಹೇಗಿತ್ತು? ಸೊನ್ನೆಯಿಂದ ಹತ್ತರೊಳಗೆ ಹೇಳಿ."

ಅವಳು ತನ್ನ ಅಂಗೈ ನೋಡಿಕೊಂಡಳು. ಹೇಳಲು ಏನೋ ಹುಡುಕುತ್ತಿದ್ದಳು. ಗಡಿಯಾರದಲ್ಲಿ ಹನ್ನೆರಡೂವರೆ. ಒಂದು ಗಂಟೆಗೆ ವ್ಯಾಯಾಮದ ಕೋಣೆ ಮುಚ್ಚುತ್ತಾರೆ. ನನಗೆ ತಡೆಯಲಾಗಲಿಲ್ಲ.

"ಅವಳದೇನು ಕೇಳ್ತೀರಿ ಸಿಸ್ಟರ್, ಗುಂಡುಕಲ್ಲಿನ ಹಾಗಿದಾಳೆ. ಒಂಬತ್ತು ಹಾಕ್ಕೊಳ್ಳಿ."

ನರ್ಸ್ ಪೆನ್ನು ನಿಂತಿತು. ಡಾಕ್ಟರಮ್ಮ ನನ್ನನ್ನೇ ನೋಡಿದರು. ಅವರು ಯಾಕೆ ಹಾಗೆ ನೋಡುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬರ್ಕೊಳ್ಳಿ ಸಿಸ್ಟರ್," ಹೆಂಡತಿ ಅಂದಳು. "ಇವರು ಅಳೆಯದೆ ಯಾವತ್ತೂ ಹೇಳೋರಲ್ಲ."

"ಏನೇ ಕೊಂಕು?" ಅಂದೆ. ನಾಲಿಗೆ ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ನಿನಗೇನಾಗಿದೆ? ಬಿದ್ದವನು ನಾನು."

"ಹೌದು ರೀ. ಬಿದ್ದೋರು ನೀವು. ನಾನು ಮೂರು ತಿಂಗಳಿಂದ ದಿನಾ ರಾತ್ರಿ ಒಂದೊಂದು ನಿದ್ದೆ ಮಾತ್ರೆ ನುಂಗಿ ಮಲಗ್ತಿದೀನಿ. ನಿಮ್ಮ ಡಬ್ಬಿಯಿಂದಾನೇ. ಎಣಿಸಿ ನೋಡಿದ್ರೆ ಗೊತ್ತಾಗ್ತಿತ್ತು."

ಅವಳು ಎದ್ದು ನಿಂತಳು. ಕೈಚೀಲದಿಂದ ನನ್ನ ಫೈಲು ತೆಗೆದು ಮೇಜಿನ ಮೇಲಿಟ್ಟಳು. ಮಾತ್ರೆ ಡಬ್ಬಿ ಇಟ್ಟಳು. ನೀರಿನ ಬಾಟಲಿ ಇಟ್ಟಳು. ಬಾಟಲಿಯ ಮುಚ್ಚಳ ಬಿಗಿಯಾಗಿತ್ತು, ತಿರುಗಿಸಿ ಸಡಿಲ ಮಾಡಿಟ್ಟಳು.

"ಬಿಳೀದು ಬೆಳಿಗ್ಗೆ, ಹಳದಿ ಊಟ ಆದ್ಮೇಲೆ. ಷರ್ಟಿನ ಗುಂಡಿ ಮೇಲಿಂದ ಹಾಕ್ಬೇಡಿ, ಕೆಳಗಿಂದ ಹಾಕ್ಕೊಂಡು ಬನ್ನಿ. ಎಡಗೈಗೆ ಸುಲಭ."

"ಕೂತ್ಕೊಳ್ಳಮ್ಮ," ಡಾಕ್ಟರಮ್ಮ ಎದ್ದು ನಿಂತರು. "ನಿಮ್ಮ ಹತ್ರ ನಾನು ಮಾತಾಡ್ಬೇಕು."

"ಇವತ್ತು ಬೇಡ ಮೇಡಂ. ಮಾತಾಡೋಕೂ ಆಗ್ತಿಲ್ಲ."

ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.

ಬಚ್ಚಲಿಗೆ ಹೋಗಿರಬೇಕು ಅಂದುಕೊಂಡೆ. ಆಮೇಲೆ ಕ್ಯಾಂಟೀನಿಗೆ ಹೋಗಿರಬೇಕು ಅಂದುಕೊಂಡೆ. ನರ್ಸ್ ಕೆಳಗಿನವರೆಗೂ ಹೋಗಿ ನೋಡಿ ಬಂದರು. ಗೇಟಿನ ಕಾವಲುಗಾರ ಅವಳನ್ನು ಕಂಡನಂತೆ, ಬಸ್ಸು ನಿಲ್ಲುವ ಕಡೆ ನಡೆದು ಹೋದಳಂತೆ, ಗಡಿಬಿಡಿಯಿಲ್ಲದೆ. ಒಂದು ಗಂಟೆ ದಾಟಿತು. ಡಾಕ್ಟರಮ್ಮ ಸಹಿಯಿಲ್ಲದ ಫಾರಂ ಎತ್ತಿಟ್ಟು, ಒಂದು ವಾರ ಕಾಯುತ್ತೇನೆ ಅಂದರು. ಆ ವಾರ ಅವಳು ಮನೆಗೂ ಬರಲಿಲ್ಲ, ಆಸ್ಪತ್ರೆಗೂ ಬರಲಿಲ್ಲ; ಆಮೇಲೂ ಬರಲಿಲ್ಲ.